ಅಂಗಿಯ ಮೇಲಿನ ಮಾತು, ಅಂಗಿಯೊಳಗಿನ ಮನುಷ್ಯ

ಕಳೆದ ಅಕ್ಟೋಬರಿನ ಒಂದು ರಾತ್ರಿ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಒಂದು ಟೀ ಶರ್ಟಿನ ಫೋಟೋ ಬಂತು. ಕರಿ ಬಟ್ಟೆ, ಬಿಳಿ ಅಕ್ಷರ. ಇಂಗ್ಲಿಷಿನಲ್ಲಿ ಬರೆದಿದ್ದರ ಅರ್ಥ ಇಷ್ಟೇ: ‘ಯಾವ ಮನುಷ್ಯನೂ ಅಕ್ರಮವಲ್ಲ’. ಕಳಿಸಿದವನು ನಮ್ಮ ಖಾಲಾನ ಮಗ. ಶಿಕಾಗೋದಲ್ಲಿ ಎಂ.ಎಸ್. ಓದುತ್ತಿದ್ದಾನೆ, ವಿದ್ಯಾರ್ಥಿ ವೀಸಾದ ಮೇಲೆ. ಆ ಊರಿನಲ್ಲಿ ಸೆಪ್ಟೆಂಬರಿನಿಂದ ವಲಸೆ ಅಧಿಕಾರಿಗಳ ದೊಡ್ಡ ಕಾರ್ಯಾಚರಣೆ ನಡೆದಿತ್ತು. ಕಾಲೇಜಿನ ಗೆಳೆಯರು ಮೆರವಣಿಗೆಗೆಂದು ಅಂಗಿ ಹಂಚಿದ್ದರು. ಇವನ ಪಾಲಿಗೂ ಒಂದು ಬಂದಿತ್ತು.

ಹತ್ತು ನಿಮಿಷದಲ್ಲಿ ಖಾಲಾ ಫೋನ್ ಮಾಡಿದರು. ದನಿ ನಡುಗುತ್ತಿತ್ತು. “ನೀನು ಟೀಚರು, ನಿನ್ನ ಮಾತು ಕೇಳ್ತಾನೆ. ಅದನ್ನ ಹಾಕ್ಕೋಬೇಡ ಅಂತ ಹೇಳಮ್ಮಾ.” ನಾನು ಹೇಳಿದೆ. ಒಂದೇ ಸಾಲು ಟೈಪ್ ಮಾಡಿದೆ: ‘ಬೇಡಪ್ಪ, ಓದು ಮುಗಿಸಿಕೊಂಡು ಬಾ.’ ಅವನು ‘ಸರಿ ಆಪಾ’ ಅಂದ.

ನಾನು ಕಲಬುರಗಿಯವಳು. ಹೈದರಾಬಾದಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಆ ವಾರವೇ ಹತ್ತನೇ ತರಗತಿಗೆ ಖಾದಿಯ ಪಾಠ ಮಾಡಿದ್ದೆ. ಬಟ್ಟೆಯೂ ಒಂದು ಮಾತು, ಅದನ್ನು ತೊಟ್ಟುಕೊಂಡೇ ನಮ್ಮ ಹಿರಿಯರು ಒಂದು ಸಾಮ್ರಾಜ್ಯಕ್ಕೆ ಎದುರು ನಿಂತರು ಅಂತ ಬೋರ್ಡಿನ ಮುಂದೆ ನಿಂತು ದೊಡ್ಡದಾಗಿ ಹೇಳಿದ್ದೆ. ರಾತ್ರಿ ಅದೇ ಬಾಯಿಂದ ‘ಬೇಡಪ್ಪ’ ಅಂದೆ. ಆ ಎರಡು ಮಾತು ನನ್ನೊಳಗೆ ಈಗಲೂ ಜಗಳವಾಡುತ್ತಿವೆ. ಅದಕ್ಕೇ ಈ ಬರಹ.

ಓದುಗರೇ, ನಾವು ಕಥೆ, ಕವನ, ಗಜಲನ್ನು ವಿಮರ್ಶೆ ಮಾಡುತ್ತೇವೆ. ಅಂಗಿಯನ್ನು ಮಾಡುವುದಿಲ್ಲ. ಆದರೆ ಅಮೆರಿಕದಲ್ಲಿ ವಲಸೆ ಕಾನೂನಿನ ಕ್ರೌರ್ಯದ ವಿರುದ್ಧ ಜನ ತೊಟ್ಟ ಬಟ್ಟೆಗಳನ್ನು ಒಂದು ಸಾಹಿತ್ಯವೆಂದೇ ಓದಬೇಕು ಅಂತ ನನಗೆ ಅನ್ನಿಸುತ್ತದೆ. ಅದರಲ್ಲೂ ಒಳ್ಳೆಯದಿದೆ, ಜೊಳ್ಳಿದೆ. ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಅನ್ನುತ್ತೇವಲ್ಲ, ಪ್ರತಿಭಟನೆಯ ಉಡುಪಿನಲ್ಲಿ ಈ ಗಾದೆ ತಲೆಕೆಳಗಾಗುತ್ತದೆ. ಅಲ್ಲಿ ಪರರು ನೋಡಲು ಇಷ್ಟಪಡದ್ದನ್ನೇ ತೊಡಬೇಕು. ಆದ್ದರಿಂದ ಪ್ರತಿ ಬಟ್ಟೆಗೂ ನಾನು ಮೂರು ಪ್ರಶ್ನೆ ಕೇಳುತ್ತೇನೆ. ಯಾರು ತೊಟ್ಟರು? ಯಾರ ಕಣ್ಣಿಗೆ ಬೀಳಲೆಂದು ತೊಟ್ಟರು? ತೊಟ್ಟ ಮಾರನೇ ದಿನ ಅವರಿಗೆ ಏನಾಯಿತು?

ಮೊದಲು ಎಲ್ಲರಿಗೂ ನೆನಪಿರುವ ಅಂಗಿಯಿಂದಲೇ ಶುರು ಮಾಡೋಣ. ಅದು ಪ್ರತಿಭಟನೆಯದಲ್ಲ, ಅದರ ಉಲ್ಟಾ. 2018ರ ಏಪ್ರಿಲ್-ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಮೆಕ್ಸಿಕೋ ಗಡಿಯಲ್ಲಿ ‘ಶೂನ್ಯ ಸಹನೆ’ಯ ನೀತಿ ತಂದಿತು. ಗಡಿ ದಾಟಿ ಬಂದ ತಂದೆತಾಯಿಯ ಮೇಲೆ ಕ್ರಿಮಿನಲ್ ಮೊಕದ್ದಮೆ, ಮಕ್ಕಳು ಬೇರೆ ಕಡೆಗೆ. ಕೆಲವೇ ವಾರಗಳಲ್ಲಿ 2,300ಕ್ಕೂ ಹೆಚ್ಚು ಮಕ್ಕಳು ಹೆತ್ತವರಿಂದ ಬೇರೆಯಾದರು. ದೇಶ ಪೂರ್ತಿ ಗದ್ದಲವೆದ್ದ ಮೇಲೆ ಜೂನ್ 20ರಂದು ಅಧ್ಯಕ್ಷ ಟ್ರಂಪ್ ಆ ಬೇರ್ಪಡಿಸುವಿಕೆಯನ್ನು ನಿಲ್ಲಿಸುವ ಆದೇಶಕ್ಕೆ ಸಹಿ ಹಾಕಿದರು. ಮಾರನೇ ದಿನ ಅವರ ಪತ್ನಿ ಮೆಲಾನಿಯಾ ಟೆಕ್ಸಾಸಿನ ಮೆಕ್ಯಾಲೆನ್ ಊರಿನ ಮಕ್ಕಳ ನೆಲೆಯನ್ನು ನೋಡಲು ಹೊರಟರು. ವಿಮಾನ ಹತ್ತುವಾಗ ಮೈಮೇಲೆ ಜಾರಾ ಕಂಪನಿಯ ಒಂದು ಜಾಕೆಟ್. ಬೆನ್ನ ಮೇಲೆ ಬರೆದದ್ದರ ಅರ್ಥ: ‘ನನಗಂತೂ ಏನೂ ಅನ್ನಿಸಲ್ಲ, ನಿಮಗೆ?’

ಅದು ಬರೀ ಜಾಕೆಟ್, ಒಳಗೆ ಯಾವ ಸಂದೇಶವೂ ಇಲ್ಲ ಅಂತ ಅವರ ವಕ್ತಾರರು ಹೇಳಿದರು. ಅದೇ ದಿನ ಗಂಡ, ಅದು ಸುಳ್ಳು ಸುದ್ದಿಯ ಮಾಧ್ಯಮಗಳಿಗೆ ಕೊಟ್ಟ ಉತ್ತರ ಅಂದರು. ಕೆಲವು ತಿಂಗಳ ನಂತರ ಆಕೆಯೇ ಒಂದು ಟಿವಿ ಸಂದರ್ಶನದಲ್ಲಿ, ಹೌದು, ಟೀಕಿಸುವವರಿಗೆಂದೇ ತೊಟ್ಟಿದ್ದೆ ಅಂದರು. ನನಗೆ ಇದರಿಂದ ಕಲಿಯಲು ಸಿಕ್ಕಿದ್ದು ಒಂದೇ. ಅಕ್ಷರ ಬರೆದ ಬಟ್ಟೆ ಮೈಮೇಲೆ ಬಂತೆಂದರೆ ‘ನನಗೆ ಅರ್ಥ ಗೊತ್ತಿರಲಿಲ್ಲ’ ಅನ್ನುವ ಸವಲತ್ತು ಹೋಗುತ್ತದೆ. ಬಟ್ಟೆಯ ಅರ್ಥವನ್ನು ತೊಟ್ಟವರಷ್ಟೇ ತೀರ್ಮಾನಿಸುವುದಿಲ್ಲ, ಅವರು ಹೊರಟ ಜಾಗವೂ ತೀರ್ಮಾನಿಸುತ್ತದೆ. ಅದೇ ಜಾಕೆಟ್ ಬೇರೆ ದಿನ ಬಜಾರಿಗೆ ಹೋಗಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಇದಕ್ಕೆ ಜವಾಬು ಬೇಗ ಬಂತು. ಪೋರ್ಟ್‌ಲೆಂಡಿನ ವೈಲ್ಡ್‌ಫ್ಯಾಂಗ್ ಎಂಬ ಉಡುಪಿನ ಕಂಪನಿ ‘ನನಗೆ ನಿಜಕ್ಕೂ ಅನ್ನಿಸುತ್ತದೆ’ ಎಂಬ ಅರ್ಥದ ಜಾಕೆಟ್ ಮಾಡಿ, ಬಂದ ಹಣವನ್ನು ಟೆಕ್ಸಾಸಿನಲ್ಲಿ ವಲಸಿಗರ ಪರ ವಾದಿಸುವ ರೈಸೆಸ್ ಎಂಬ ಸಂಸ್ಥೆಗೆ ಕೊಡಲು ಹೊರಟಿತು. ಗಂಟೆಗಳಲ್ಲೇ ಮಾರಾಟವಾಗಿಹೋಯಿತು. ಹಣ ವಕೀಲರಿಗೆ ಹೋಯಿತಲ್ಲ, ಒಳ್ಳೆಯದೇ. ಆದರೆ ಬಟ್ಟೆಯಾಗಿ ಅದು ಬಡ ಉತ್ತರ. ಒಬ್ಬ ಶ್ರೀಮಂತ ಹೆಣ್ಣುಮಗಳ ಬೆನ್ನಿಗೆ ಇನ್ನೊಬ್ಬರ ಬೆನ್ನು ಮಾತಾಡಿತು. ಮೆಕ್ಯಾಲೆನ್ನಿನ ಮಗು ಆ ಸಂಭಾಷಣೆಯಲ್ಲಿ ಇರಲೇ ಇಲ್ಲ.

ಈಗ ಅದೇ ತಿಂಗಳ ಇನ್ನೊಂದು ಬಟ್ಟೆ ನೋಡಿ. ಗಡಿಯ ಆ ನೆಲೆಗಳಲ್ಲಿ ಮಕ್ಕಳಿಗೆ ಹೊದೆಯಲು ಕೊಟ್ಟದ್ದು ಬೆಳ್ಳಿ ಬಣ್ಣದ ಮೈಲಾರ್ ಹಾಳೆ. ಚಪಾತಿ ಸುತ್ತುವ ಫಾಯಿಲ್ ಇದೆಯಲ್ಲ, ನೋಡಲು ಹಾಗೇ. 1960ರ ದಶಕದಲ್ಲಿ ನಾಸಾ ಬಾಹ್ಯಾಕಾಶದ ಕೆಲಸಕ್ಕೆಂದು ಮಾಡಿದ್ದ ವಸ್ತು, ಮೈಯ ಶಾಖವನ್ನು ಹೊರಗೆ ಬಿಡುವುದಿಲ್ಲ. ಬೆಲೆ ಕಡಿಮೆ, ಒಗೆಯಬೇಕಿಲ್ಲ, ಎಸೆಯಬಹುದು. ಮಗು ಮಗ್ಗಲು ಬದಲಿಸಿದರೆ ಪರಪರ ಸದ್ದು. 2018ರ ಜೂನ್ 28ರಂದು ನೂರಾರು ಹೆಂಗಸರು ವಾಷಿಂಗ್ಟನ್ನಿನ ಸೆನೆಟ್ ಕಚೇರಿಯ ಹಾರ್ಟ್ ಕಟ್ಟಡಕ್ಕೆ ಹೋಗಿ, ಅದೇ ಬೆಳ್ಳಿ ಹಾಳೆ ಹೊದ್ದು ನೆಲದ ಮೇಲೆ ಕೂತರು. ಸುಮಾರು 575 ಮಂದಿಯನ್ನು ಪೊಲೀಸರು ಬಂಧಿಸಿದರು. ಅವರಲ್ಲಿ ಒಬ್ಬರು ಚೆನ್ನೈಯಲ್ಲಿ ಹುಟ್ಟಿದ, ವಲಸೆ ಹೋಗಿ ಸಂಸದೆಯಾದ ಪ್ರಮೀಳಾ ಜಯಪಾಲ್.

ಈ ಹಾಳೆಯ ಮೇಲೆ ಒಂದು ಅಕ್ಷರವೂ ಇರಲಿಲ್ಲ. ಬೇಕಾಗಿರಲಿಲ್ಲ. ಮಗುವಿನ ಮೈಮೇಲಿದ್ದದ್ದನ್ನು ಆ ಹೆಂಗಸರು ತಮ್ಮ ಮೈಮೇಲೆ ಎಳೆದುಕೊಂಡರು. ಕಾನೂನು ಮಾಡುವವರ ಪಡಸಾಲೆಗೇ ಆ ಪರಪರ ಸದ್ದನ್ನು ಕೊಂಡೊಯ್ದರು. ನನ್ನ ಮೂರು ಪ್ರಶ್ನೆಗೂ ಇಲ್ಲಿ ಗಟ್ಟಿ ಉತ್ತರವಿದೆ. ತೊಟ್ಟವರು ಹೆಚ್ಚಿನವರು ಪೌರರು, ಹಾಗಾಗಿ ಬೆಲೆ ತೆರಬಲ್ಲವರು. ನೋಡಬೇಕಾದವರು ಸೆನೆಟರುಗಳು. ಆದದ್ದು ಬಂಧನ. ಒಂದು ದಿನದ ಮಟ್ಟಿಗಾದರೂ ಅವರು ಅಂಗಿ ಕೊಂಡುಕೊಂಡವರಲ್ಲ, ಕಷ್ಟ ಹಂಚಿಕೊಂಡವರು.

ಇಲ್ಲಿ ನಮ್ಮ ಚರಿತ್ರೆಯ ಒಂದು ಪುಟ ತೆಗೆಯಲೇಬೇಕು. ಬೇರೆಯವರ ಬಟ್ಟೆ ಎಳೆದುಕೊಳ್ಳುವ ಈ ದಾರಿಯನ್ನು ವಲಸೆ ಕಾನೂನಿನ ವಿರುದ್ಧವೇ ಬಳಸಿದ ಒಬ್ಬ ಭಾರತೀಯನಿದ್ದ. ದಕ್ಷಿಣ ಆಫ್ರಿಕದ ಟ್ರಾನ್ಸ್‌ವಾಲಿನಲ್ಲಿ ಏಷ್ಯಾದವರೆಲ್ಲ ಬೆರಳಚ್ಚು ಕೊಟ್ಟು ನೋಂದಣಿ ಚೀಟಿ ಇಟ್ಟುಕೊಳ್ಳಬೇಕು ಅಂತ ಕಾನೂನು ಬಂದಾಗ, 1908ರ ಆಗಸ್ಟ್ 16ರಂದು ಜೋಹಾನ್ಸ್‌ಬರ್ಗಿನ ಹಮೀದಿಯಾ ಮಸೀದಿಯ ಅಂಗಳದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಚೀಟಿಗಳನ್ನು ಸುಟ್ಟರು. 1913ರಲ್ಲಿ ಅಲ್ಲಿನ ಕೋರ್ಟು ಕ್ರೈಸ್ತ ವಿಧಿಯಲ್ಲದ ಮದುವೆ ಮದುವೆಯೇ ಅಲ್ಲ ಅನ್ನುವಂಥ ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹುಟ್ಟಿದ್ದೇ ಒಬ್ಬ ಮುಸ್ಲಿಂ ಹೆಂಡತಿಯನ್ನು ದೇಶದೊಳಗೆ ಬಿಡದೇ ಇದ್ದದ್ದರಿಂದ. ಸತ್ಯಾಗ್ರಹ ಮತ್ತೆ ಎದ್ದಿತು. ಮುಷ್ಕರ ಹೂಡಿದ ಕೂಲಿಗಳ ಮೇಲೆ ಗುಂಡು ಹಾರಿತು. ಡಿಸೆಂಬರಿನಲ್ಲಿ ಜೈಲಿನಿಂದ ಬಿಡುಗಡೆಯಾದ ಗಾಂಧಿ ಡರ್ಬನ್ನಿನ ಸಭೆಗೆ ಬಂದಾಗ ಸೂಟು ಬೂಟು ಇರಲಿಲ್ಲ. ತಲೆ ಬೋಳಿಸಿ, ಕರಾರು ಕೂಲಿಯ ಬಟ್ಟೆ ತೊಟ್ಟಿದ್ದರು. ಸತ್ತವರ ಶೋಕ ಅದು. ಮದುರೈಯಲ್ಲಿ ತುಂಡು ಬಟ್ಟೆಗೆ ಇಳಿದದ್ದು 1921ರಲ್ಲಿ, ಎಂಟು ವರ್ಷದ ನಂತರ.

ನಮ್ಮ ಪಾಠಪುಸ್ತಕದಲ್ಲಿ ಖಾದಿ ಇದೆ. ಆದರೆ ಆ ಬದಲಾವಣೆಯ ಬೇರು ಒಂದು ವಲಸೆ ಕಾನೂನಿನ ಜಗಳದಲ್ಲಿದೆ ಅನ್ನುವುದನ್ನು ನಾನೂ ತಡವಾಗಿ ತಿಳಿದುಕೊಂಡೆ.

ಮತ್ತೆ ಅಮೆರಿಕಕ್ಕೆ ಬರೋಣ. 2017ರ ಜನವರಿ 27ರಂದು ಏಳು ಮುಸ್ಲಿಂ ಬಹುಸಂಖ್ಯಾತ ದೇಶಗಳ ಜನರಿಗೆ ಪ್ರವೇಶ ನಿಷೇಧಿಸುವ ಆದೇಶ ಹೊರಬಿತ್ತು. ಎರಡು ವಾರದಲ್ಲೇ ನ್ಯೂಯಾರ್ಕಿನ ಫ್ಯಾಷನ್ ವಾರ. ಪ್ರಬಲ್ ಗುರುಂಗ್ ಎಂಬ ವಿನ್ಯಾಸಕಾರ, ಕಾಠ್ಮಂಡುವಿನಲ್ಲಿ ಬೆಳೆದು ದಿಲ್ಲಿಯ ನಿಫ್ಟ್‌ನಲ್ಲಿ ಕಲಿತವರು, ತಮ್ಮ ಪ್ರದರ್ಶನದ ಕೊನೆಗೆ ಮಾಡೆಲ್‌ಗಳಿಗೆಲ್ಲ ಘೋಷಣೆಯ ಟೀ ಶರ್ಟ್ ತೊಡಿಸಿ ಕಳಿಸಿದರು. ಅವುಗಳಲ್ಲೊಂದು, ‘ನಾನೊಬ್ಬ ವಲಸಿಗ’.

ಗುರುಂಗ್ ಆ ಮಾತನ್ನು ಹೇಳಿದರೆ ಅದು ಆತ್ಮಕಥೆ. ಆದರೆ ಟೀ ಶರ್ಟಿನ ಸ್ವಭಾವವೇ ಬೇರೆ, ಅದು ಯಾರ ಮೈಗಾದರೂ ಹತ್ತುತ್ತದೆ. ‘ನಾನೊಬ್ಬ ವಲಸಿಗ’ ಅನ್ನುವುದು ತೊಟ್ಟವರನ್ನು ನೋಡಿ ನಿಜವೋ ಸುಳ್ಳೋ ಆಗುವ ವಾಕ್ಯ. ಮೂರು ತಲೆಮಾರಿನಿಂದ ಅಲ್ಲೇ ಇದ್ದವಳು ತೊಟ್ಟರೆ ಅದು ಸಹಾನುಭೂತಿ. ಹೋಟೆಲಿನ ಹಿಂಬಾಗಿಲಲ್ಲಿ ಪಾತ್ರೆ ತೊಳೆಯುವವನು ತೊಟ್ಟರೆ ಅದು ತಪ್ಪೊಪ್ಪಿಗೆ. ಮೊದಲನೆಯವಳಿಗೆ ಚಪ್ಪಾಳೆ, ಎರಡನೆಯವನಿಗೆ ಬೇಡಿ. ಒಂದೇ ನೂಲು, ಒಂದೇ ಶಾಯಿ.

2026ರ ಜನವರಿಯಲ್ಲಿ ಮಿನಿಯಾಪೊಲಿಸ್ ನಗರದಲ್ಲಿ ಐಸ್ ಅಧಿಕಾರಿಯೊಬ್ಬನ ಗುಂಡಿಗೆ ಒಬ್ಬ ತಾಯಿ ಸತ್ತಳು. ಐಸ್ ಅಂದರೆ 2003ರಲ್ಲಿ ಹುಟ್ಟಿದ ಅಮೆರಿಕದ ವಲಸೆ ಮತ್ತು ಸುಂಕ ಜಾರಿ ಸಂಸ್ಥೆ, ಇಂಗ್ಲಿಷ್ ಮೊದಲಕ್ಷರಗಳಿಂದ ಆ ಹೆಸರು. ಕೆಲವೇ ದಿನಗಳ ನಂತರ ನಡೆದ ಗೋಲ್ಡನ್ ಗ್ಲೋಬ್ ಸಮಾರಂಭಕ್ಕೆ ಮಾರ್ಕ್ ರಫೆಲೊ, ವಾಂಡಾ ಸೈಕ್ಸ್ ಮುಂತಾದ ಕಲಾವಿದರು ಐಸ್ ವಿರೋಧಿ ಪಿನ್ನು ಚುಚ್ಚಿಕೊಂಡು ಬಂದರು. ‘ಲಕ್ಷಗಟ್ಟಲೆ ಬೆಲೆಯ ಉಡುಪಿನ ಮೇಲೆ ಒಂದು ಪಿನ್ನು, ಇದೇನು ಮಹಾ’ ಅಂತ ನಗುವುದು ಸುಲಭ. ನಾನೂ ಮೊದಲು ನಕ್ಕೆ. ಆಮೇಲೆ ಯೋಚಿಸಿದೆ. ಕ್ಯಾಮೆರಾ ಅವರ ಮೇಲಿತ್ತು, ಅವರು ಆ ಕ್ಯಾಮೆರಾವನ್ನು ಒಂದು ಕ್ಷಣ ಸತ್ತವಳ ಕಡೆ ತಿರುಗಿಸಿದರು. ಸುಮ್ಮನಿದ್ದ ನೂರಾರು ಮಂದಿಗಿಂತ ಅದು ಮೇಲು. ಆದರೆ ಅದನ್ನು ಧೈರ್ಯ ಅಂತ ಕರೆಯುವಾಗ ಸ್ವಲ್ಪ ತಡೆಯಿರಿ. ಧೈರ್ಯ ಅನ್ನುವ ಪದವನ್ನು ಬೇರೆಯವರಿಗಾಗಿ ಉಳಿಸಿಕೊಳ್ಳಬೇಕು.

ಯಾರಿಗಾಗಿ? ನನ್ನ ಮಟ್ಟಿಗೆ ಈ ಇಡೀ ಸಾಹಿತ್ಯದ ಅತ್ಯುತ್ತಮ ಕೃತಿ 2010ರದ್ದು. ಚಿಕ್ಕಂದಿನಲ್ಲೇ ತಂದೆತಾಯಿಯ ಜೊತೆ ಬಂದು, ಅಲ್ಲೇ ಓದಿ ಬೆಳೆದು, ಕಾಗದಪತ್ರ ಮಾತ್ರ ಇಲ್ಲದ ಹುಡುಗ ಹುಡುಗಿಯರಿಗೆ ದಾರಿ ಮಾಡಿಕೊಡುವ ಡ್ರೀಮ್ ಮಸೂದೆ 2001ರಿಂದ ಸಂಸತ್ತಿನಲ್ಲಿ ತೂಗಾಡುತ್ತಿತ್ತು. 2010ರ ಮಾರ್ಚ್ 10ರಂದು ಶಿಕಾಗೋದ ಫೆಡರಲ್ ಪ್ಲಾಜಾದಲ್ಲಿ ಕೆಲವು ಯುವಜನರು ನಿಂತು, ನಮ್ಮ ಹೆಸರು ಇದು, ನಮಗೆ ದಾಖಲೆ ಇಲ್ಲ ಅಂತ ಬಹಿರಂಗವಾಗಿ ಹೇಳಿದರು. ‘ದಾಖಲೆ ಇಲ್ಲ, ಭಯವೂ ಇಲ್ಲ’ ಎಂಬ ಮಾತು ಟೀ ಶರ್ಟುಗಳ ಮೇಲೆ ಬಂತು. ಮೇ ತಿಂಗಳಲ್ಲಿ ಅರಿಜೋನಾದ ಟೂಸಾನ್ ನಗರದಲ್ಲಿ ಸೆನೆಟರ್ ಜಾನ್ ಮೆಕೇನ್ ಅವರ ಕಚೇರಿಯೊಳಗೆ ಐವರು ಪದವಿ ಪ್ರದಾನದ ಗೌನು, ಚೌಕ ಟೊಪ್ಪಿ ತೊಟ್ಟು ಕೂತರು. ಅವರಲ್ಲಿ ದಾಖಲೆ ಇಲ್ಲದವರೂ ಇದ್ದರು, ಬಂಧನವೂ ಆಯಿತು. ಜುಲೈಯಲ್ಲಿ ಅದೇ ಹಾರ್ಟ್ ಕಟ್ಟಡದಲ್ಲಿ ಮತ್ತೆ ಅದೇ ಗೌನು. ಡಿಸೆಂಬರ್ 18ರಂದು ಮಸೂದೆ ಸೆನೆಟ್ಟಿನಲ್ಲಿ ಮತಕ್ಕೆ ಬಂದಾಗ ಗ್ಯಾಲರಿಯಲ್ಲಿ ಚೌಕ ಟೊಪ್ಪಿಯ ಮಕ್ಕಳು ಕೂತಿದ್ದರು. ಮುಂದುವರಿಯಲು 60 ಮತ ಬೇಕು, ಬಂದದ್ದು 55.

ನಾನು ಟೀಚರು, ಆ ಟೊಪ್ಪಿಯ ಬೆಲೆ ನನಗೆ ಗೊತ್ತು. ಬಿ.ಎಡ್. ಮುಗಿದಾಗ ಬಾಡಿಗೆ ಗೌನು ತೊಟ್ಟು ತೆಗೆಸಿಕೊಂಡ ಫೋಟೋ ಅಮ್ಮಿಯ ಕೋಣೆಯಲ್ಲಿ ಈಗಲೂ ಇದೆ. ನಮ್ಮಂಥ ಮನೆಗಳಲ್ಲಿ ಅದು ಬಟ್ಟೆಯಲ್ಲ, ಒಂದು ತಲೆಮಾರಿನ ದುಡಿಮೆಯ ರಸೀದಿ. ಆ ಮಕ್ಕಳು ಅದೇ ರಸೀದಿಯನ್ನು ಸರ್ಕಾರದ ಮುಖಕ್ಕೆ ಹಿಡಿದರು: ನೀವೇ ಓದಿಸಿದಿರಿ, ನೀವೇ ಟೊಪ್ಪಿ ಹಾಕಿದಿರಿ, ಈಗ ನೀವೇ ಅಟ್ಟುತ್ತೀರಾ? ಅಲ್ಲಿ ಘೋಷಣೆಯ ಅಕ್ಷರವಿಲ್ಲ. ಮೈ ಮತ್ತು ಬಟ್ಟೆ ಒಂದೇ ವಾಕ್ಯ ಹೇಳುತ್ತಿವೆ. ತೊಟ್ಟವರು ಕಳೆದುಕೊಳ್ಳಬಹುದಾದದ್ದು ಎಲ್ಲವನ್ನೂ. 2012ರ ಜೂನ್ 15ರಂದು ಅಧ್ಯಕ್ಷ ಒಬಾಮಾ ಇಂಥ ಯುವಜನರಿಗೆ ತಾತ್ಕಾಲಿಕ ರಕ್ಷಣೆಯ ಡಾಕಾ ಯೋಜನೆ ಘೋಷಿಸಿದರು. ಗೌನುಗಳೇ ಅದನ್ನು ತಂದವು ಅಂತ ಹೇಳಲಾರೆ. ಆದರೆ ಆ ಮಕ್ಕಳ ಮುಖ ದೇಶಕ್ಕೆ ಪರಿಚಯವಾದದ್ದು ಆ ಟೊಪ್ಪಿಯ ಕೆಳಗೇ.

ಮೆಚ್ಚಿದ ಕೃತಿಯ ದೋಷವನ್ನೂ ಹೇಳಬೇಕು. ಗೌನು ‘ನಾವು ಒಳ್ಳೆ ಮಕ್ಕಳು, ಓದಿದವರು’ ಅನ್ನುತ್ತದೆ. ಹಾಗಾದರೆ ಓದದವರು? ಮಗನ ಫೀಸು ಕಟ್ಟಲು ಹೊಲದಲ್ಲಿ ಸ್ಟ್ರಾಬೆರಿ ಕಿತ್ತ ತಾಯಿಗೆ ಯಾವ ಗೌನು? ‘ಮಕ್ಕಳ ತಪ್ಪಿಲ್ಲ’ ಅಂದಾಗ ತಪ್ಪು ತಾಯಿಯದು ಅಂತ ತಾನಾಗಿಯೇ ಆಗಿಹೋಗುತ್ತದೆ. ಈ ಮಾತನ್ನು ಆ ಚಳವಳಿಯ ಯುವಜನರೇ ಮುಂದೆ ಎತ್ತಿದರು, ಅದು ಅವರ ದೊಡ್ಡತನ. 2006ರ ವಸಂತದಲ್ಲೂ ಹೀಗೇ ಆಗಿತ್ತು. ದಾಖಲೆ ಇಲ್ಲದವರನ್ನು ಅಪರಾಧಿಗಳೆಂದು ಮಾಡುವ ಮಸೂದೆಯ ವಿರುದ್ಧ ಲಾಸ್ ಏಂಜಲೀಸಿನಲ್ಲಿ ಲಕ್ಷಾಂತರ ಜನ ಸೇರಿದಾಗ, ಬಿಳಿ ಅಂಗಿ ತೊಟ್ಟು ಬನ್ನಿ ಅಂತ ಸ್ಪ್ಯಾನಿಷ್ ರೇಡಿಯೋದವರು ಕರೆ ಕೊಟ್ಟಿದ್ದರು. ನಾವು ಶಾಂತಿಯವರು, ನಮ್ಮನ್ನು ನೋಡಿ ಹೆದರಬೇಡಿ ಅನ್ನುವ ಅರ್ಥ. ನೋಡುವವರ ಹೆದರಿಕೆಯನ್ನು ಕಡಿಮೆ ಮಾಡುವ ಹೊರೆ ಯಾವಾಗಲೂ ಹೆದರಿದವರ ಮೇಲೇ ಬೀಳುತ್ತದೆ. ಈ ಹೊರೆ ಎಂಥದ್ದು ಅಂತ ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಕಾನೂನು ಏನನ್ನುತ್ತದೆ ಅಂತ ವಿದ್ಯಾರ್ಥಿಗಳು ಕೇಳಬಹುದು. ಅಮೆರಿಕದ ಸುಪ್ರೀಂ ಕೋರ್ಟು ಈ ವಿಷಯದಲ್ಲಿ ಚೆಂದದ ಮಾತುಗಳನ್ನೇ ಆಡಿದೆ. 1965ರ ಡಿಸೆಂಬರಿನಲ್ಲಿ ಅಯೋವಾದ ಡಿ ಮಾಯ್ನ್ ಊರಿನ ಕೆಲವು ಮಕ್ಕಳು ವಿಯೆಟ್ನಾಂ ಯುದ್ಧದಲ್ಲಿ ಸತ್ತವರ ಶೋಕಕ್ಕೆ ತೋಳಿಗೆ ಕರಿಪಟ್ಟಿ ಕಟ್ಟಿ ಶಾಲೆಗೆ ಹೋದರು. ಅವರಲ್ಲಿ ಮೇರಿ ಬೆತ್ ಟಿಂಕರ್‌ಗೆ ಆಗ 13 ವರ್ಷ. ಶಾಲೆ ಹೊರಗೆ ಹಾಕಿತು. 1969ರಲ್ಲಿ ಕೋರ್ಟು 7-2ರ ಬಹುಮತದಿಂದ ಮಕ್ಕಳ ಪರ ನಿಂತಿತು. ಶಾಲೆಯ ಗೇಟಿನ ಹತ್ತಿರ ಹಕ್ಕುಗಳನ್ನು ಕಳಚಿಟ್ಟು ಒಳಗೆ ಬರಬೇಕಿಲ್ಲ ಅನ್ನುವುದು ಅದರ ಸಾರ. 1971ರಲ್ಲಿ, ಸೈನ್ಯಕ್ಕೆ ಬಲವಂತದ ಭರ್ತಿಯನ್ನು ಬೈಗುಳದಿಂದ ಖಂಡಿಸಿದ ಜಾಕೆಟ್ ತೊಟ್ಟು ಲಾಸ್ ಏಂಜಲೀಸಿನ ನ್ಯಾಯಾಲಯದ ಓಣಿಯಲ್ಲಿ ನಡೆದ ಕೋಹೆನ್ ಎಂಬ ಯುವಕನ 30 ದಿನದ ಸಜೆಯನ್ನು 5-4ರಲ್ಲಿ ರದ್ದು ಮಾಡಿತು. 2018ರಲ್ಲಿ, ಮತಗಟ್ಟೆಗೆ ರಾಜಕೀಯ ಉಡುಪು ತೊಟ್ಟು ಬರಬಾರದು ಅನ್ನುವ ಮಿನ್ನೆಸೋಟಾದ ಕಾನೂನು ತೀರಾ ಅಸ್ಪಷ್ಟವಾಗಿದೆ ಅಂತ ತೆಗೆದುಹಾಕಿತು.

ಇವನ್ನೆಲ್ಲ ಓದಿ ನನಗೆ ಖುಷಿಯೂ ಆಯಿತು, ಹೊಟ್ಟೆಕಿಚ್ಚೂ ಆಯಿತು. 2025ರ ಮಾರ್ಚಿನಲ್ಲಿ ರಮಜಾನಿನ ಕೊನೆಯ ಶುಕ್ರವಾರ ವಕ್ಫ್ ಮಸೂದೆಯ ವಿರುದ್ಧ ತೋಳಿಗೆ ಕರಿಪಟ್ಟಿ ಕಟ್ಟಿ ನಮಾಜಿಗೆ ಬಂದವರಿಗೆ ಉತ್ತರ ಪ್ರದೇಶದ ಮುಜಫ್ಫರನಗರದಲ್ಲಿ ತಲಾ 2 ಲಕ್ಷ ರೂಪಾಯಿಯ ಬಾಂಡ್ ಕೇಳಿ ನೋಟಿಸು ಹೋದದ್ದು ನಿಮಗೆ ನೆನಪಿರಬೇಕು. ಒಂದು ಗೇಣು ಕರಿಬಟ್ಟೆ, ಎರಡು ದೇಶ, ಎರಡು ಲೆಕ್ಕ.

ಆದರೆ ಅಲ್ಲಿನ ತೀರ್ಪುಗಳನ್ನೂ ಎಚ್ಚರದಿಂದ ಓದಬೇಕು. ಟಿಂಕರ್ ಪೌರಳು. ಕೋಹೆನ್ ಪೌರ. ಅವರಿಗೆ ಆಗಬಹುದಾಗಿದ್ದ ಅತಿ ದೊಡ್ಡ ನಷ್ಟ ಶಾಲೆಯ ಕೆಲವು ದಿನ, ಜೈಲಿನ ಒಂದು ತಿಂಗಳು. ಆಮೇಲೆ ಅವರು ಮನೆಗೆ ಹೋಗಬಹುದಿತ್ತು, ಮನೆ ಅದೇ ದೇಶದಲ್ಲಿತ್ತು. 2025ರ ಮಾರ್ಚ್ 25ರಂದು ಮ್ಯಾಸಚೂಸೆಟ್ಸಿನ ಸಾಮರ್ವಿಲ್ಲಿನಲ್ಲಿ, ಟಫ್ಟ್ಸ್ ವಿಶ್ವವಿದ್ಯಾಲಯದ ತುರ್ಕಿ ಮೂಲದ ಪಿಎಚ್‌.ಡಿ. ವಿದ್ಯಾರ್ಥಿನಿಯೊಬ್ಬಳು ಇಫ್ತಾರಿಗೆಂದು ಮನೆಯಿಂದ ಹೊರಟಿದ್ದಳು. ಸಾದಾ ಬಟ್ಟೆಯ, ಮುಖ ಮುಚ್ಚಿದ ಅಧಿಕಾರಿಗಳು ಬೀದಿಯಲ್ಲೇ ಸುತ್ತುವರಿದರು. ಅವಳು ಮಾಡಿದ್ದು, ವರ್ಷದ ಹಿಂದೆ ಕಾಲೇಜಿನ ಪತ್ರಿಕೆಯಲ್ಲಿ ಗಾಜಾದ ಬಗ್ಗೆ ಇತರರ ಜೊತೆ ಸೇರಿ ಬರೆದ ಒಂದು ಲೇಖನ. ಲೂಸಿಯಾನಾದ ಬಂಧನ ಕೇಂದ್ರದಲ್ಲಿ ಆರು ವಾರಕ್ಕೂ ಹೆಚ್ಚು ಕಳೆದ ಮೇಲೆ, ಮೇ 9ರಂದು ನ್ಯಾಯಾಧೀಶರ ಆದೇಶದಿಂದ ಹೊರಬಂದಳು. ಆ ವಿಡಿಯೋ ಖಾಲಾ ನೋಡಿದ್ದರು. ಖಾಲಾನ ನಡುಕಕ್ಕೆ ಕಾರಣ ಅಜ್ಞಾನವಲ್ಲ, ಮಾಹಿತಿ.

ಆ ವಿಡಿಯೋದಲ್ಲಿ ಇನ್ನೊಂದು ಬಟ್ಟೆ ಇದೆ ನೋಡಿ, ಮುಖವಾಡ. ಅಧಿಕಾರಿಗಳ ಹೆಸರು ವಿಳಾಸ ಇಂಟರ್ನೆಟ್ಟಿಗೆ ಬೀಳುತ್ತದೆ, ಮನೆಯವರಿಗೆ ಅಪಾಯ ಅಂತ ಸರ್ಕಾರದ ಸಮರ್ಥನೆ. ಆ ಭಯ ಪೂರ್ತಿ ಸುಳ್ಳು ಅಂತ ನಾನು ಅನ್ನುವುದಿಲ್ಲ. ಆದರೂ ಯೋಚಿಸಿ. ‘ದಾಖಲೆ ಇಲ್ಲ, ಭಯವೂ ಇಲ್ಲ’ ಅಂದ ಹುಡುಗಿ ಮುಖ ತೋರಿಸಿ, ಹೆಸರು ಹೇಳಿ ನಿಂತಳು. ಕೈಯಲ್ಲಿ ಕಾನೂನು, ಸೊಂಟದಲ್ಲಿ ಪಿಸ್ತೂಲು ಇರುವವನು ಮುಖ ಮುಚ್ಚಿಕೊಂಡ. ಇದಕ್ಕೂ ಮೊದಲು, 2017ರಲ್ಲೇ, ಐಸ್ ಅಧಿಕಾರಿಗಳು ‘ಪೊಲೀಸ್’ ಅಂತ ಹೇಳಿಕೊಂಡು ಬಾಗಿಲು ತಟ್ಟುವುದನ್ನು ನಿಲ್ಲಿಸಬೇಕು ಅಂತ ಲಾಸ್ ಏಂಜಲೀಸಿನ ಮೇಯರ್ ಸೇರಿದಂತೆ ಆ ನಗರದ ನಾಯಕರು ಪತ್ರ ಬರೆದಿದ್ದರು. ಹಾಗಾದರೆ ವಲಸಿಗರು ಕಳ್ಳತನವಾದರೂ ಪೊಲೀಸರ ಹತ್ತಿರ ಹೋಗುವುದಿಲ್ಲ ಅನ್ನುವುದು ಅವರ ವಾದ. 2025ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಅಧಿಕಾರಿಗಳು ಮುಖವಾಡ ತೊಡುವುದರ ವಿರುದ್ಧ ಕಾನೂನನ್ನೇ ಮಾಡಿತು. ಬಟ್ಟೆಯ ಜಗಳದಲ್ಲಿ ಎರಡೂ ಕಡೆ ಬಟ್ಟೆ ತೊಟ್ಟಿರುತ್ತದೆ. ವಿಮರ್ಶೆ ಮಾಡುವಾಗ ಅಧಿಕಾರದ ಬಟ್ಟೆಯನ್ನು ಬಿಟ್ಟುಬಿಡಬಾರದು.

ಅಧಿಕಾರ ಬಟ್ಟೆ ತೊಡುತ್ತದೆ, ಓದುತ್ತದೆ, ಬಿಚ್ಚಿಸುತ್ತದೆ ಕೂಡ. 2025ರ ಮಾರ್ಚಿನಲ್ಲಿ ಇನ್ನೂರಕ್ಕೂ ಹೆಚ್ಚು ವೆನಿಜುವೆಲಾದವರನ್ನು ಎಲ್ ಸಾಲ್ವಡಾರಿನ ಜೈಲಿಗೆ ಸಾಗಿಸಿದಾಗ, ಗ್ಯಾಂಗಿನವರು ಅಂತ ಗುರುತಿಸಲು ಹಚ್ಚೆಗಳಿಗೂ ಅಂಕ ಕೊಡುವ ಪಟ್ಟಿಯೊಂದು ಬಳಕೆಯಲ್ಲಿತ್ತು ಅಂತ ಕೋರ್ಟಿನ ಕಾಗದಗಳಿಂದ ಹೊರಬಂತು. ಅರಿಜೋನಾದ ಯೂಮಾ ಗಡಿಯಲ್ಲಿ ಸಿಖ್ಖರ ಪೇಟ ಕಸಿದುಕೊಳ್ಳುತ್ತಿದ್ದಾರೆ ಅಂತ 2022ರಲ್ಲಿ ನಾಗರಿಕ ಹಕ್ಕಿನ ಸಂಘಟನೆ ದೂರು ಕೊಟ್ಟಿತ್ತು. 2025ರ ಫೆಬ್ರವರಿ 5ರಂದು 104 ಭಾರತೀಯರು ಕೈಗೆ ಕೋಳ, ಕಾಲಿಗೆ ಸರಪಳಿ ಹಾಕಿಸಿಕೊಂಡು ಸೈನಿಕ ವಿಮಾನದಲ್ಲಿ ಅಮೃತಸರಕ್ಕೆ ಬಂದಿಳಿದರು. ಆಮೇಲಿನ ವಿಮಾನದಲ್ಲಿ ಬಂದ ಕೆಲವು ಸಿಖ್ಖರ ತಲೆಯ ಮೇಲೆ ಪೇಟವೇ ಇರಲಿಲ್ಲ. ಬಟ್ಟೆ ನೋಡಿ ಮನುಷ್ಯನನ್ನು ಗುರುತಿಸಬಹುದು ಅನ್ನುವ ಮಾತು ನಮ್ಮ ದೇಶದಲ್ಲಿ 2019ರ ಡಿಸೆಂಬರಿನಲ್ಲಿ, ಪೌರತ್ವ ಕಾನೂನಿನ ಗಲಾಟೆಯ ನಡುವೆ, ದುಮ್ಕಾದ ಸಭೆಯಲ್ಲಿ ಪ್ರಧಾನಿಯ ಬಾಯಿಂದಲೇ ಬಂದಿತ್ತು. ಹಾಗಾಗಿ ನಮಗೆ ಇದು ದೂರದ ದೇಶದ ಸುದ್ದಿ ಅನ್ನಿಸುವುದಿಲ್ಲ.

ಇಷ್ಟೆಲ್ಲ ಓದಿದ ಮೇಲೆ ನನ್ನ ತೀರ್ಮಾನ ಹೇಳುತ್ತೇನೆ. ನೀವು ಒಪ್ಪದಿದ್ದರೂ ಪರವಾಗಿಲ್ಲ.

ಪ್ರತಿಭಟನೆಯ ಅಂಗಿಯ ಯೋಗ್ಯತೆ ಅದರ ಮೇಲಿನ ವಾಕ್ಯದಲ್ಲಿಲ್ಲ. ವಾಕ್ಯ ಎಷ್ಟೇ ಚೆಂದವಿರಲಿ, ಅಂಗಡಿಯಲ್ಲಿ ಸಿಗುತ್ತದೆ. ಅಂಗಿ ಮತ್ತು ಅದರೊಳಗಿನ ಮನುಷ್ಯನ ನಡುವೆ ಇರುವ ಸಂಬಂಧವೇ ಅದರ ಯೋಗ್ಯತೆ. ಆ ದೃಷ್ಟಿಯಿಂದ ಗೌನು ಮೊದಲು, ಬೆಳ್ಳಿ ಹಾಳೆ ಎರಡನೆಯದು, ಫ್ಯಾಷನ್ ವೇದಿಕೆಯ ಟೀ ಶರ್ಟು ಮತ್ತು ಪಿನ್ನು ಬಹಳ ಕೆಳಗೆ. ಕೆಳಗೆ ಅಂದರೆ ಬೇಡ ಅಂತಲ್ಲ. ಪೌರರಾದವರು, ಹೆಸರಿರುವವರು, ಕೆಲಸ ಹೋಗದವರು ಆ ಅಂಗಿಯನ್ನು ತೊಡಲೇಬೇಕು. ತೊಟ್ಟು, ಅದು ತಮಗೆ ಅಗ್ಗ ಅನ್ನುವುದನ್ನೂ ಮರೆಯಬಾರದು. ಅಗ್ಗಕ್ಕೆ ಸಿಕ್ಕಿದ್ದನ್ನು ಪುಕ್ಕಟೆ ಹಂಚಬೇಕು.

ಮತ್ತೆ, ಬೆಲೆ ತೆರಲಾರದವನು ತೊಡದಿದ್ದರೆ ಅವನನ್ನು ಹೇಡಿ ಅನ್ನಬೇಡಿ. ಇದು ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳಿರದ ಮಾತು. ಖಾದಿಯ ಪಾಠದಲ್ಲಿ ತೊಟ್ಟವರ ಕಥೆ ಹೇಳುತ್ತೇವೆ. ಮಿಲ್ ಬಟ್ಟೆಗಿಂತ ಖಾದಿ ತುಟ್ಟಿ ಅಂತ ಕೊಳ್ಳಲಾಗದೇ ಉಳಿದ ಬಡವರ ಕಥೆ ಅದೇ ಪುಸ್ತಕದಲ್ಲಿ ಎರಡು ಸಾಲಿನಲ್ಲಿ ಇದೆ, ಅದನ್ನು ಓದಿ ಮುಂದಕ್ಕೆ ಹೋಗಿಬಿಡುತ್ತೇವೆ. ಈ ವರ್ಷ ಆ ಎರಡು ಸಾಲಿಗೆ ಒಂದು ಪೀರಿಯಡ್ ಕೊಟ್ಟೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು, “ಟೀಚರ್, ಹಾಕ್ಕೊಳ್ಳದೇ ಇದ್ದೋರು ಸುಮ್ಮನೆ ಕೂತಿದ್ರಾ?” ಒಳ್ಳೆ ಪ್ರಶ್ನೆ. ಉತ್ತರ ನನಗೆ ಪುಸ್ತಕದಲ್ಲಿ ಸಿಕ್ಕಿಲ್ಲ.

ಸ್ವಲ್ಪ ಉತ್ತರ ಶಿಕಾಗೋದಿಂದ ಸಿಕ್ಕಿತು. ಡಿಸೆಂಬರಿನಲ್ಲಿ ಅವನ ಜೊತೆ ಮಾತಾಡುವಾಗ ಆ ಅಂಗಿ ಏನಾಯಿತು ಅಂತ ಕೇಳಿದೆ. ಮೊದಲು ನಾಚಿಕೊಂಡ. ಆಮೇಲೆ ಹೇಳಿದ. ಅದನ್ನು ಅಲ್ಲೇ ಹುಟ್ಟಿದ ತನ್ನ ಸಹಪಾಠಿಗೆ ಕೊಟ್ಟನಂತೆ. ಅವನು ತೊಟ್ಟು ಮೆರವಣಿಗೆಗೆ ಹೋದ. ಇವನು ಸ್ವೆಟರ್ ಹಾಕ್ಕೊಂಡು ಮನೆಯಲ್ಲೇ ಕೂತು, ಆ ಓಣಿಯ ಸ್ಪ್ಯಾನಿಷ್ ಮಾತಾಡುವ ಹೆಂಗಸರಿಗೆಂದು ವಕೀಲರ ಫೋನ್ ನಂಬರಿನ ಚೀಟಿ ಮುದ್ರಿಸಿದ. ಅವನೇ ಹೋಗಿ ಲಾಂಡ್ರಿಯ ಗೋಡೆಗೆ ಅಂಟಿಸಿಯೂ ಬಂದ. “ಅಮ್ಮಿಗೆ ಹೇಳ್ಬೇಡಿ ಆಪಾ” ಅಂದ.

ನಾನು ಖಾಲಾಗೆ ಹೇಳಿಲ್ಲ. ‘ಬೇಡಪ್ಪ’ ಅಂದದ್ದು ತಪ್ಪೋ ಸರಿಯೋ ಅಂತ ಈಗಲೂ ನನಗೆ ಗೊತ್ತಿಲ್ಲ. ಆದರೆ ಮುಂದಿನ ಸಲ ಯಾರಾದರೂ ಅಂಗಿಯ ಫೋಟೋ ಕಳಿಸಿದರೆ ನಾನು ಒಂದು ಸಾಲು ಟೈಪ್ ಮಾಡಿ ಮಲಗುವುದಿಲ್ಲ. ಮೊದಲು ಕೇಳುತ್ತೇನೆ: ನಿನ್ನ ಹತ್ತಿರ ಯಾವ ಕಾಗದ ಇದೆ, ಜೊತೆಗೆ ಯಾರಿದ್ದಾರೆ, ವಕೀಲರ ನಂಬರು ಬರೆದಿಟ್ಟುಕೊಂಡಿದ್ದೀಯಾ. ಅಂಗಿಯ ಮಾತು ಆಮೇಲೆ. ನೀವೂ ನಿಮ್ಮ ಮನೆಯ ಮಕ್ಕಳನ್ನು ಮೊದಲು ಇದನ್ನೇ ಕೇಳಿ.